ಹಿರಿಯರ ನಿವಾಸದ ಖರ್ಚು: ಗೇಟಿನಲ್ಲಿ ಹೇಳುವ ತಿಂಗಳ ದರದ ಮೇಲೆ ಇನ್ನೇನೇನು ಕೂಡಿಸಬೇಕು?

ಲೆಕ್ಕಪತ್ರ, ಕಲಬುರಗಿ

ಈ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದು "ತಿಂಗಳಿಗೆ ಎಷ್ಟು?" ಎಂದು. ಬರುವ ಉತ್ತರ ಕೋಣೆ ಮತ್ತು ಊಟದ ದರ ಮಾತ್ರ. ಆ ಅಂಕಿಯ ಮೇಲೆ ಬಜೆಟ್ ಹಾಕಿದ ಮನೆಗಳು ಎರಡನೇ ವರ್ಷಕ್ಕೇ ಉಳಿತಾಯಕ್ಕೆ ಕೈ ಹಾಕುತ್ತವೆ. ಹಾಗಾಗಿ ಒಂದು ಮಾದರಿ ಲೆಕ್ಕ ಇಡುತ್ತೇನೆ. ತಪ್ಪಿದ್ದರೆ ತಿದ್ದಿ, ಬಿಟ್ಟಿದ್ದರೆ ಸೇರಿಸಿ.

ಗಂಡ 72, ಹೆಂಡತಿ 68. ಇಬ್ಬರೂ ಓಡಾಡುತ್ತಾರೆ. ನಿವಾಸದವರು ಹೇಳಿದ ದರ ಇಬ್ಬರಿಗೆ ಕೂಡಿ 32,000, ವಾಪಸ್ ಬರುವ ಠೇವಣಿ 5 ಲಕ್ಷ ಎಂದಿಟ್ಟುಕೊಳ್ಳಿ. ಇದಕ್ಕೆ ಕೂಡಿಸುತ್ತ ಹೋಗೋಣ. "ಜಿಎಸ್‌ಟಿ ಬೇರೆ" ಎಂದು ಕರಾರಿನಲ್ಲಿದ್ದರೆ ಶೇ 18ರಂತೆ 5,760. ಮೀಟರ್ ಪ್ರಕಾರ ವಿದ್ಯುತ್ ಸರಾಸರಿ 2,000. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ರಕ್ತ ಪರೀಕ್ಷೆ 5,000. ಕ್ಷೌರ, ಫೋನು, ಹಣ್ಣು, ದೇವಸ್ಥಾನ ಎಂದು 1,500. ಆಸ್ಪತ್ರೆಗೆ ಹೋಗಿಬರುವ ಗಾಡಿ 1,000. ಆರೋಗ್ಯ ವಿಮೆ ವರ್ಷಕ್ಕೆ 60,000 ಎಂದರೆ ತಿಂಗಳಿಗೆ 5,000. ಒಟ್ಟು 52,260. ಠೇವಣಿಯಿಂದ ಕಳೆದುಹೋಗುವ ಬಡ್ಡಿ ಶೇ 8.2ರಂತೆ ವರ್ಷಕ್ಕೆ 41,000, ತಿಂಗಳಿಗೆ 3,417. ಅದನ್ನೂ ಸೇರಿಸಿದರೆ 55,677.

32,000 ಎಂದು ಕೇಳಿಸಿಕೊಂಡದ್ದು ಇಲ್ಲಿಗೆ ಬಂದು ನಿಂತಿತು. ಇಬ್ಬರೂ ಆರೋಗ್ಯವಾಗಿರುವ ತಿಂಗಳ ಲೆಕ್ಕವಿದು.

ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ಸರ್, ಖರ್ಚಿನ ಸಾಲುಗಳೆಲ್ಲ ಸರಿ ಇವೆ. ಆದರೆ ಠೇವಣಿಯ ಬಡ್ಡಿಯಲ್ಲಿ ಒಂದು ಎಚ್ಚರ ಬೇಕು. ಅದನ್ನು ಖರ್ಚಿಗೂ ಸೇರಿಸಿ, ಆದಾಯದ ಕಡೆ 5 ಲಕ್ಷ ತೆಗೆದ ಮೇಲಿನ ಬಡ್ಡಿಯನ್ನೂ ಬರೆದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ಎರಡು ನಿವಾಸಗಳ ದರ ಹೋಲಿಸುವಾಗ ಬಡ್ಡಿಯನ್ನು ಖರ್ಚಿಗೆ ಸೇರಿಸಿ. ಮನೆಯ ಬಜೆಟ್ ಬರೆಯುವಾಗ ಆದಾಯದಲ್ಲಿ ಕಳೆಯಿರಿ. ಹಾಗಾಗಿ ಇಲ್ಲಿ ಖರ್ಚು 52,260 ಎಂದೇ ಹಿಡಿಯೋಣ.

ಈಗ ಆದಾಯ. ಪಿಂಚಣಿ 30,000. ಇದ್ದ 20 ಲಕ್ಷದಲ್ಲಿ 5 ಲಕ್ಷ ಠೇವಣಿಗೆ ಹೋಯಿತು, ಉಳಿದ 15 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ ವರ್ಷಕ್ಕೆ 1,23,000, ತಿಂಗಳಿಗೆ 10,250. ಖಾಲಿಯಾದ ಮನೆಯ ಬಾಡಿಗೆ 10,000 ಎನ್ನೋಣ. ಒಟ್ಟು 50,250. ಅಂದರೆ ಮೊದಲ ತಿಂಗಳಿಂದಲೇ 2,010 ಕೊರತೆ.

ಈ ಯೋಜನೆಯ ಸಂಗತಿಗಳು ಗೊತ್ತಿರಲಿ. 2023ರ ಏಪ್ರಿಲ್‌ನಿಂದ ಒಬ್ಬರಿಗೆ ಗರಿಷ್ಠ ಮಿತಿ 30 ಲಕ್ಷ, ಬಡ್ಡಿ ಶೇ 8.2. ಗಂಡ ಹೆಂಡತಿ ಬೇರೆ ಬೇರೆ ಖಾತೆ ತೆರೆಯಬಹುದು. ಬಡ್ಡಿ ಬರುವುದು ತಿಂಗಳಿಗಲ್ಲ, ಮೂರು ತಿಂಗಳಿಗೊಮ್ಮೆ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ತಾರೀಖು. ನಿವಾಸದ ಬಿಲ್ಲು ಮಾತ್ರ ತಿಂಗಳು ತಿಂಗಳು ಬರುತ್ತದೆ. ಆದ್ದರಿಂದ ಮೂರು ತಿಂಗಳ ಬಿಲ್ಲಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಬೇರೆಯೇ ಇರಬೇಕು. ಅವಧಿ 5 ವರ್ಷ. ಒಂದು ವರ್ಷದೊಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೇ ಹಿಂದಕ್ಕೆ ಮುರಿದುಕೊಳ್ಳುತ್ತಾರೆ, ಒಂದರಿಂದ ಎರಡು ವರ್ಷದೊಳಗಾದರೆ ಅಸಲಿನ ಶೇ 1.5, ಎರಡು ವರ್ಷದ ಮೇಲೆ ಶೇ 1 ಕಡಿತ. ತಿಂಗಳಿಗೇ ಬೇಕೆನ್ನುವವರಿಗೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇದೆ. ಶೇ 7.4ರಂತೆ ಜಂಟಿ ಖಾತೆಯ 15 ಲಕ್ಷಕ್ಕೆ ತಿಂಗಳಿಗೆ 9,250.

ಇದಕ್ಕಿಂತ ದೊಡ್ಡ ವಿಷಯ ಮುಂದಿದೆ. ಈ ಬಡ್ಡಿ ಐದು ವರ್ಷ ಒಂದು ರೂಪಾಯಿಯೂ ಏರುವುದಿಲ್ಲ. ನಿವಾಸದವರು ವರ್ಷಕ್ಕೆ ಶೇ 8 ಏರಿಸಿದರೆ 32,000 ಇದ್ದದ್ದು ಐದು ವರ್ಷಕ್ಕೆ 47,018, ಹತ್ತು ವರ್ಷಕ್ಕೆ 69,085 ಆಗುತ್ತದೆ. ಹೀಗಾಗಿ ನಿವಾಸದವರು ಹೇಳುವ ಮೂಲ ದರ ನಿಮ್ಮ ಖಚಿತ ಆದಾಯದ ಶೇ 60 ದಾಟಬಾರದು ಎಂಬುದು ನನ್ನ ಅಭಿಪ್ರಾಯ. ಈ ದಂಪತಿಗೆ ಆ ಗೆರೆ 30,150. ಒಳಗೆ ಕಾಲಿಡುವ ದಿನವೇ 32,000 ಅದನ್ನು ದಾಟಿದೆ.

ಶುಶ್ರೂಷಕಿ, ಬೀದರ್

ನೀವಿಬ್ಬರೂ ಓಡಾಡುವ ದಂಪತಿಯ ಲೆಕ್ಕ ಹಾಕಿದ್ದೀರಿ. ಹಾಸಿಗೆ ಹಿಡಿದವರ ಲೆಕ್ಕವನ್ನು ನಾನು ಹೇಳುತ್ತೇನೆ.

ನಿವಾಸಗಳು ದರದ ಹಂತ ಹೇಗೆ ನಿರ್ಧರಿಸುತ್ತವೆ ಎಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಆರು ಕೆಲಸ ನೋಡುತ್ತಾರೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ತುತ್ತು ಬಾಯಿಗಿಡುವುದು. ಆರನ್ನೂ ತಾವೇ ಮಾಡಿಕೊಂಡರೆ ಮೂಲ ದರ. ಸ್ನಾನ, ಬಟ್ಟೆಗೆ ಕೈ ಹಚ್ಚಬೇಕಾದರೆ ಮುಂದಿನ ಹಂತ. ಏಳಿಸಲು, ಶೌಚಕ್ಕೆ ಆಳು ಬೇಕಾದರೆ ಅದರ ಮೇಲಿನದು. ಮರೆವಿನ ಕಾಯಿಲೆ ಇದ್ದರೆ ಕೈಕಾಲು ಗಟ್ಟಿ ಇದ್ದರೂ ದರ ಹೆಚ್ಚು, ಏಕೆಂದರೆ ಹೊತ್ತು ಗೊತ್ತಿಲ್ಲದೆ ಹೊರಗೆ ಹೊರಟವರನ್ನು ಕಾಯಲು ಒಬ್ಬರು ಬೇಕೇ ಬೇಕು. ಸೇರುವ ಮುನ್ನ ಈ ಆರರ ಪಕ್ಕ ಇವತ್ತಿನ ಸ್ಥಿತಿ ಬರೆದು, ಪ್ರತಿ ಹಂತದ ದರವನ್ನೂ ಕಾಗದದ ಮೇಲೆ ಕೇಳಿ. ಹಂತ ಏರಿಸುವ ತೀರ್ಮಾನ ಯಾರದ್ದು ಎಂದೂ ಕೇಳಿ. ನಿವಾಸದ ಮ್ಯಾನೇಜರ್ ಒಬ್ಬರೇ ತೀರ್ಮಾನಿಸುವುದು ಬೇಡ, ವೈದ್ಯರ ಚೀಟಿ ಇರಲಿ, ಮನೆಯವರ ಸಹಿ ಇರಲಿ.

ಹಾಸಿಗೆ ಹಿಡಿದವರ ತಿಂಗಳ ಸಾಮಾನು: ದೊಡ್ಡವರ ಡೈಪರ್ ದಿನಕ್ಕೆ 4, ಒಂದಕ್ಕೆ 40 ರೂಪಾಯಿ ಹಿಡಿದರೆ 4,800. ಹಾಸಿಗೆ ಮೇಲಿನ ಶೀಟು, ಗ್ಲೌಸು, ಒರೆಸುವ ಬಟ್ಟೆ ಬೇರೆ. ಮೂತ್ರದ ಕ್ಯಾಥೆಟರ್ ಇದ್ದರೆ ಸಾದಾ ಲ್ಯಾಟೆಕ್ಸ್‌ನದನ್ನು ಎರಡರಿಂದ ನಾಲ್ಕು ವಾರಕ್ಕೆ ಬದಲಿಸಬೇಕು. ಸಿಲಿಕೋನ್‌ನದು ದುಬಾರಿ, ಆದರೆ 12 ವಾರದ ತನಕ ಬರುತ್ತದೆ. ಪ್ರತಿ ಬದಲಾವಣೆಗೂ ನರ್ಸಿನ ಭೇಟಿ ಶುಲ್ಕ ಹಾಕುವ ನಿವಾಸದಲ್ಲಿ ಸಿಲಿಕೋನ್‌ನದೇ ಅಗ್ಗ ಬೀಳುತ್ತದೆ. ಗಾಳಿ ಹಾಸಿಗೆ ಬಾಡಿಗೆಗೆ ತಂದರೆ ಮೂರು ನಾಲ್ಕು ತಿಂಗಳಲ್ಲಿ ಕೊಳ್ಳುವ ಬೆಲೆ ಮುಟ್ಟುತ್ತದೆಯೇ ನೋಡಿ. ಮುಟ್ಟಿದರೆ ಕೊಂಡುಬಿಡಿ.

ಗಾಳಿ ಹಾಸಿಗೆ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಅದಕ್ಕೇ ನಾನು ಹಗಲಿನ ಸಿಬ್ಬಂದಿ ಎಷ್ಟೆಂದು ಕೇಳುವುದಿಲ್ಲ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಎಷ್ಟು ಮಂದಿಗೆ ಒಬ್ಬ ಆಯಾ ಎಂದು ಕೇಳುತ್ತೇನೆ. ಬೆನ್ನ ಕೆಳಗೆ ಹುಣ್ಣಾದರೆ ಡ್ರೆಸ್ಸಿಂಗ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಕಡಿಮೆ ದರದ ನಿವಾಸದಲ್ಲಿ ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ.

ಎಲೆಕ್ಟ್ರಿಕಲ್ ಗುತ್ತಿಗೆದಾರ, ಯಾದಗಿರಿ

ಅಕ್ಕಾರ, ಆಕ್ಸಿಜನ್ ಮಷೀನಿಂದು ಬಿಟ್ರಿ ನೋಡ್ರಿ. ಐದು ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳಿತದ. ಹಗಲು ರಾತ್ರಿ ನಡೆದ್ರ ದಿನಕ್ಕ 8.4 ಯೂನಿಟ್, ತಿಂಗಳಿಗಿ 252. ನಿವಾಸದವರು ಸಬ್‌ಮೀಟರ್‌ದಾಗ ಯೂನಿಟ್ಟಿಗಿ 10 ರೂಪಾಯಿ ಹಚ್ಚಿದ್ರ 2,520 ಬರೀ ಅದಕ್ಕ ಆತು.

ಬ್ಯಾಸಗಿ ಲೆಕ್ಕ ಬ್ಯಾರೇನೇ ಅದ. ನಮ್ಮ ಕಡಿ ಏಪ್ರಿಲ್ ಮೇದಾಗ 42–43 ಡಿಗ್ರಿ ಬಿಸಲು ಇರ್ತದ, ವಯಸ್ಸಾದವರಿಗಿ ಬರೇ ಫ್ಯಾನ್ ಸಾಲಂಗಿಲ್ಲ. ಒಂದೂವರೆ ಟನ್ನಿನ ಎಸಿ ಗಂಟೆಗಿ ಸುಮಾರು ಒಂದೂವರೆ ಯೂನಿಟ್ ತಿಂತದ. ದಿನಕ್ಕ 8 ತಾಸು ಅಂದ್ರ ತಿಂಗಳಿಗಿ 360 ಯೂನಿಟ್, 3,600 ರೂಪಾಯಿ. 180 ವ್ಯಾಟಿನ ಕೂಲರ್ 16 ತಾಸು ನಡೆದ್ರೂ ತಿಂಗಳಿಗಿ 86 ಯೂನಿಟ್. ನಮ್ಮ ಒಣ ಹವಾಕ್ಕ ಕೂಲರ್ ಛಲೋ ಕೆಲಸ ಮಾಡ್ತದ, ಆದ್ರ ನೀರು ಬೇಕು. ಬೋರಿನ ಗಡಸು ನೀರು ಹಾಕಿದ್ರ ಪ್ಯಾಡಿನ ಮ್ಯಾಲ ಉಪ್ಪು ಕಟ್ಟತದ, ಗಾಳಿ ಬರಂಗಿಲ್ಲ. ಪ್ಯಾಡ್ ಯಾರು ಬದಲಿ ಮಾಡ್ತಾರ ಅಂತ ಮೊದಲೇ ಕೇಳ್ರಿ.

ಮತ್ತ ಜನರೇಟರ್. ಕರೆಂಟ್ ಹೋದಾಗ ಬರೋ ಯೂನಿಟ್ಟಿಗಿ ಬ್ಯಾರೆ ದರ ಹಚ್ತಾರ, ಡೀಸೆಲ್‌ದ್ದು ದುಬಾರಿ. ಬಿಲ್ಲಿನ್ಯಾಗ ಜೆಸ್ಕಾಂ (ಸರ್ಕಾರಿ ಕರೆಂಟ್ ಕಂಪನಿ) ಯೂನಿಟ್, ಜನರೇಟರ್ ಯೂನಿಟ್ ಎರಡೂ ಬ್ಯಾರೆ ಬ್ಯಾರೆ ತೋರಿಸ್ಬೇಕು. ಆಕ್ಸಿಜನ್ ಇದ್ದವರ ಕೋಣಿಗಿ ಜನರೇಟರ್ ಒಂದೇ ಸಾಲಂಗಿಲ್ಲ. ಅದು ಚಾಲೂ ಆಗೋ ತನ ಮಷೀನ್ ನಿಲ್ಲಬಾರ್ದು. ಇನ್ವರ್ಟರ್ ಲೈನ್ ಇರ್ಬೇಕು, ಕಡೀಗಿ ಒಂದು ಸಣ್ಣ ಸಿಲಿಂಡರಾದ್ರೂ ಬಾಜೂಕ ಇರ್ಬೇಕು.

ಲೆಕ್ಕಪತ್ರ, ಕಲಬುರಗಿ

ಇದನ್ನು ಬರೆದಿಟ್ಟುಕೊಂಡೆ. ಮೇ ತಿಂಗಳ ಬಿಲ್ಲನ್ನು ಸರಾಸರಿಯೊಳಗೆ ಅಡಗಿಸಬಾರದು, ಬೇರೆಯೇ ಸಾಲು ಬೇಕು.

ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ಬೀದರಿನ ಅಕ್ಕನವರು ಹೇಳಿದ್ದನ್ನು ಅಂಕಿಗೆ ತರೋಣ. ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನೂ ಬರೆಯಬೇಕಿದೆ: ಇಬ್ಬರಲ್ಲಿ ಒಬ್ಬರು ಹೋದ ಮೇಲಿನ ಲೆಕ್ಕ.

ಸರ್ಕಾರಿ ಪಿಂಚಣಿ ಕೊನೆಯ ಮೂಲ ವೇತನದ ಶೇ 50 ಆದರೆ ಸಾಮಾನ್ಯ ದರದ ಕುಟುಂಬ ಪಿಂಚಣಿ ಶೇ 30. ಅಂದರೆ 30,000 ಬರುತ್ತಿದ್ದ ಮನೆಗೆ 18,000. ಬಾಡಿಗೆ, ಬಡ್ಡಿ ಸೇರಿ 38,250. ಖರ್ಚು ಮಾತ್ರ ಅರ್ಧಕ್ಕೆ ಇಳಿಯುವುದಿಲ್ಲ, ಏಕೆಂದರೆ ಇಬ್ಬರ ಕೋಣೆಯಲ್ಲಿ ಒಬ್ಬರಿದ್ದರೂ ಕೋಣೆ ಒಂದೇ. ಒಬ್ಬರ ದರ 22,000, ಜಿಎಸ್‌ಟಿ 3,960, ವಿದ್ಯುತ್ 2,000, ಔಷಧ 3,000, ಕೈಖರ್ಚು 1,000, ಗಾಡಿ 500, ವಿಮೆ 2,500 ಎನ್ನೋಣ. ಒಟ್ಟು 34,960. ಇಲ್ಲಿಯವರೆಗೆ ನಿಭಾಯಿಸಬಹುದು.

ಅದೇ ತಾಯಿ ಹಾಸಿಗೆ ಹಿಡಿದರೆ? ಆಯಾ ಶುಲ್ಕ 18,000, ಡೈಪರ್ 4,800 ಕೂಡಿ 57,760. ತಿಂಗಳಿಗೆ 19,510 ಕೊರತೆ. ಮೂರು ವರ್ಷಕ್ಕೆ 7,02,360. ಈ ಏಳು ಲಕ್ಷವನ್ನು ಸೇರುವ ದಿನವೇ ಬೇರೆ ಎತ್ತಿಡಬೇಕು. ನಾನು ಅದನ್ನು "ಹಾಸಿಗೆ ಹಣ" ಎಂದೇ ಬರೆಯುತ್ತೇನೆ. ಐದು ವರ್ಷದ ಯೋಜನೆಯಲ್ಲಿ ಎಲ್ಲವನ್ನೂ ಕಟ್ಟಿಹಾಕಬೇಡಿ, ಇದರಲ್ಲಿ ಎರಡು ಲಕ್ಷವಾದರೂ ಬೇಕೆಂದಾಗ ಮುರಿಯಬಹುದಾದ ಎಫ್‌ಡಿಯಲ್ಲಿರಲಿ. ಮತ್ತೆ, ಆರೋಗ್ಯ ವಿಮೆ ಇದೆಯಲ್ಲ ಎಂದುಕೊಳ್ಳಬೇಡಿ. ವಿಮೆ ಆಸ್ಪತ್ರೆ ದಾಖಲಾತಿಗೆ ದುಡ್ಡು ಕೊಡುತ್ತದೆ, ನಿವಾಸದಲ್ಲಿ ಮಲಗಿದವರ ಆಯಾಗೂ ಡೈಪರಿಗೂ ಕೊಡುವುದಿಲ್ಲ. ಪ್ರೀಮಿಯಂ ಬಗ್ಗೆ ಒಂದು ಸಮಾಧಾನದ ಸಂಗತಿ: 2025ರ ಜನವರಿಯಿಂದ 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಕಂಪನಿಗಳು ವಿಮಾ ಪ್ರಾಧಿಕಾರವನ್ನು ಕೇಳಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ.

ಪತ್ರ ಬರಹಗಾರ, ಯಾದಗಿರಿ

ಜಿಎಸ್‌ಟಿ ಬಗ್ಗೆ ಮೊದಲು. ಆದಾಯ ತೆರಿಗೆ ಕಾಯ್ದೆಯಡಿ ದತ್ತಿ ಸಂಸ್ಥೆಯಾಗಿ ನೋಂದಾಯಿಸಿದ ಟ್ರಸ್ಟಿನ ವೃದ್ಧಾಶ್ರಮದಲ್ಲಿ, 60 ತುಂಬಿದವರಿಗೆ ಊಟ, ವಸತಿ, ನಿರ್ವಹಣೆ ಎಲ್ಲ ಕೂಡಿದ ಶುಲ್ಕ ತಲೆಗೆ ತಿಂಗಳಿಗೆ 25,000ದ ಒಳಗಿದ್ದರೆ ಜಿಎಸ್‌ಟಿ ಇಲ್ಲ. ಮೇಲಿನ ಮಾದರಿಯಲ್ಲಿ ತಲೆಗೆ 16,000. ಅಂಥ ಟ್ರಸ್ಟಾದರೆ 5,760 ಉಳಿಯುತ್ತದೆ, ಕೊರತೆಯೇ ಇರುವುದಿಲ್ಲ. ನೋಂದಣಿ ಪತ್ರದ ಪ್ರತಿ ಕೇಳಿ ಪಡೆಯಿರಿ.

ಇನ್ನು ಕರಾರು. ಜನ ದರದ ಪುಟ ಓದಿ ಸಹಿ ಹಾಕುತ್ತಾರೆ, ಹಣ ಹೋಗುವುದು ಹಿಂದಿನ ಪುಟಗಳಲ್ಲಿ. ಮೊದಲನೆಯದು ಠೇವಣಿ. "ಕೋಣೆಗೆ ಮುಂದಿನ ನಿವಾಸಿ ಬಂದ ಮೇಲೆ ಹಿಂತಿರುಗಿಸಲಾಗುವುದು" ಎಂಬ ಸಾಲಿದ್ದರೆ ಹೊಡೆದು ಹಾಕಿಸಿ, "ತೆರವು ಮಾಡಿದ 30 ದಿನದೊಳಗೆ" ಎಂದು ಬರೆಸಿ. ಬಣ್ಣ, ರಿಪೇರಿ ಎಂದು ಎಷ್ಟು ಮುರಿಯುತ್ತಾರೆ ಎಂಬುದಕ್ಕೆ ಮೇಲಿನ ಮಿತಿ ಬೇಕು. ಪ್ರವೇಶ ಶುಲ್ಕ ಅಥವಾ ಸದಸ್ಯತ್ವ ಎಂಬ ಹೆಸರಿನದ್ದು ಸಾಮಾನ್ಯವಾಗಿ ವಾಪಸ್ ಬರುವ ಹಣವಲ್ಲ. ಅದನ್ನು ಇರಬಹುದಾದ ತಿಂಗಳುಗಳಿಗೆ ಭಾಗಿಸಿ ನೋಡಿ: 3 ಲಕ್ಷ ಕೊಟ್ಟು ಎರಡೇ ವರ್ಷ ಇದ್ದರೆ ತಿಂಗಳಿಗೆ 12,500 ಹೆಚ್ಚು ಕೊಟ್ಟಂತೆ.

ಎರಡನೆಯದು, ಆಸ್ಪತ್ರೆಗೆ ಸೇರಿದ ಅಥವಾ ಮಗಳ ಮನೆಗೆ ಹೋದ ದಿನಗಳು. ಕೋಣೆ ಬಾಡಿಗೆ ನಡೆಯುತ್ತಲೇ ಇರುತ್ತದೆ. ಊಟದ ಹಣವಾದರೂ ಕಳೆಯುತ್ತಾರೆಯೇ, ಎಷ್ಟು ದಿನದ ಮೇಲೆ? ಮೂರನೆಯದು ದರ ಏರಿಕೆ. "ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು" ಎಂಬ ಸಾಲಿಗೆ ಮಿತಿಯೇ ಇಲ್ಲ. ಶೇಕಡಾ ಅಂಕಿ ಬರೆಸಿ, ವರ್ಷಕ್ಕೆ ಒಂದೇ ಸಲ ಎಂದು ಬರೆಸಿ. ನಾಲ್ಕನೆಯದು ತೀರಾ ಮುಖ್ಯ: ಯಾವ ಸ್ಥಿತಿ ಬಂದರೆ "ಇನ್ನು ಇಟ್ಟುಕೊಳ್ಳಲು ಆಗದು, ಕರೆದುಕೊಂಡು ಹೋಗಿ" ಎನ್ನುತ್ತಾರೆ? ಓಡಾಡುವವರಿಗಷ್ಟೇ ಇರುವ ನಿವಾಸವೆಂದರೆ, ಹಾಸಿಗೆ ಹಿಡಿದ ದಿನ ಎರಡನೇ ಜಾಗದ ಠೇವಣಿಯನ್ನೂ ಹೊಂದಿಸಬೇಕು.

ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಕಡ್ಡಾಯ. ಹಿರಿಯರ ಪರವಾಗಿ ಮಗ ಹಣ ತೆಗೆಯಲೆಂದು ಜನರಲ್ ಪವರ್ ಆಫ್ ಅಟಾರ್ನಿ ಬರೆಸುವುದುಂಟು. ಕರಾರು ಕಾಯ್ದೆಯ (ಕಾಂಟ್ರ್ಯಾಕ್ಟ್ ಆಕ್ಟ್) ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದರೆ ಅದು ಬಿದ್ದುಹೋಗುತ್ತದೆ. ಮರೆವಿನ ಕಾಯಿಲೆಯ ಮನೆಗೆ ಅದು ಬೇಕಾದ ಹೊತ್ತಿಗೇ ಉಪಯೋಗಕ್ಕೆ ಬಾರದು. ಖಾತೆಯನ್ನು ಮೊದಲೇ "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಎಂದು ಜಂಟಿ ಮಾಡಿಸಿ.

ಓದುಗರು, ಹುಮನಾಬಾದ್

ಹೈದರಾಬಾದಿನಾಗ, ಬೆಂಗಳೂರಿನಾಗ ಹಿರಿಯರ ಸಲುವಾಗೇ ಫ್ಲ್ಯಾಟ್ ಕಟ್ಟಿ ಮಾರ್ತಾರಲ್ರೀ, ಅದು ಛಲೋ ಏನ್ರಿ? ಮನಿ ಮೇಲೆ ರಿವರ್ಸ್ ಮಾರ್ಟ್‌ಗೇಜ್ ತಗೊಂಡು ಅಲ್ಲಿ ಇರಬಹುದೇನ್ರಿ?

ಪತ್ರ ಬರಹಗಾರ, ಯಾದಗಿರಿ

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಆಗುವುದಿಲ್ಲ. ರಿವರ್ಸ್ ಮಾರ್ಟ್‌ಗೇಜ್ ಎಂದರೆ ಹಿರಿಯರು ಸ್ವಂತ ಮನೆ ಅಡವಿಟ್ಟು ಬ್ಯಾಂಕಿನಿಂದ ಕಂತಿನಲ್ಲಿ ಹಣ ಪಡೆಯುವ ಸಾಲ, ಅದು ತಾವೇ ವಾಸವಿರುವ ಮನೆಗೆ. ಮನೆ ಬಿಟ್ಟು ಒಂದು ವರ್ಷ ಬೇರೆಡೆ ಇದ್ದರೆ ಸಾಲ ತೀರಿಸುವ ಹೊತ್ತು ಬಂತೆಂದೇ ಬ್ಯಾಂಕ್ ಎಣಿಸುತ್ತದೆ. ಮನೆಯಲ್ಲೇ ಇದ್ದು ಆಯಾ ಇಟ್ಟುಕೊಳ್ಳುವವರಿಗೆ ಅದು ಸರಿ.

ಕೊಳ್ಳುವುದಾದರೆ ಬೆಲೆಯ ಮೇಲಿನ ಖರ್ಚು ನೋಡಿ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ 60 ಲಕ್ಷಕ್ಕೆ 4,56,000. ಇನ್ನೂ ಕಟ್ಟುತ್ತಿರುವ ಕಟ್ಟಡವಾದರೆ ಶೇ 5 ಜಿಎಸ್‌ಟಿ, ಮತ್ತೆ 3 ಲಕ್ಷ. ಕೊಂಡ ಮೇಲೂ ತಿಂಗಳ ನಿರ್ವಹಣೆ, ಊಟ, ಆಯಾ ತಪ್ಪುವುದಿಲ್ಲ. ಮಾರುವಾಗ ಕೊಳ್ಳುವವರೂ ಇಂತಿಷ್ಟು ವಯಸ್ಸು ದಾಟಿರಬೇಕು ಎಂಬ ಷರತ್ತು ಇರಬಹುದು, ವರ್ಗಾವಣೆ ಶುಲ್ಕವೂ ಇರಬಹುದು. ಮಕ್ಕಳಿಗೆ ಅದು ಬೇಗ ಮಾರಿಹೋಗುವ ಆಸ್ತಿಯಲ್ಲ. 75 ದಾಟಿದವರು ಕೊಳ್ಳುವುದು ಬೇಡ, ಬಾಡಿಗೆಯೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಡುಗೆ ಮೇಲ್ವಿಚಾರಕಿ, ಕಲಬುರಗಿ

ದೂರದ ಊರಿಗಿ ಹೋಗೋರು ಊಟದ್ದು ಹಗುರ ತಿಳಿಬ್ಯಾಡ್ರಿ. ನಮ್ಮ ಹಿರ್ಯಾರಿಗಿ ಬಿಸಿ ರೊಟ್ಟಿ, ಪುಂಡಿಪಲ್ಯ, ತೊಗರಿ ಬ್ಯಾಳಿ ಬೇಕು. ಮೂರು ಹೊತ್ತು ಅನ್ನ, ಇಡ್ಲಿ ಕೊಟ್ರ ಒಂದು ವಾರ ಉಣ್ತಾರ, ಆಮ್ಯಾಲ ತಾಟು ಹಂಗೇ ವಾಪಸ್ ಬರ್ತದ. ಉಣ್ಣಲಿಲ್ಲಂದ್ರ ತೂಕ ಇಳಿತದ, ಸಕ್ಕರಿ ಗುಳಿಗಿ ತಗೊಂಡು ಉಣ್ಣದೇ ಇದ್ರ ತಲಿ ತಿರುಗಿ ಬೀಳ್ತಾರ. ಇಲ್ಲಂದ್ರ ಹೊರಗಿಂದ ಡಬ್ಬಿ ತರಸ್ತಾರ. ದಿನಕ್ಕ 80 ರೂಪಾಯಿ ಅಂದ್ರೂ ತಿಂಗಳಿಗಿ 2,400, ಊಟದ ರೊಕ್ಕ ಎರಡು ಸಲ ಕೊಟ್ಟಂಗ.

ಹಲ್ಲಿಲ್ಲದವರಿಗಿ ರೊಟ್ಟಿ ಮುರಿದು ಬ್ಯಾಳ್ಯಾಗ ನೆನಸಿ ಕೊಡೋರು ಅದಾರೇನು ಕೇಳ್ರಿ. ಉಪ್ಪು ಕಮ್ಮಿ, ಸಕ್ಕರಿ ಇಲ್ಲದ್ದು, ಮಿಕ್ಸಿ ಮಾಡಿದ ಊಟಕ್ಕ ಬ್ಯಾರೆ ಚಾರ್ಜ್ ಹಚ್ತಾರೇನು, ಅದನ್ನೂ ಕೇಳ್ರಿ. ನೋಡಾಕ ಹೋಗೋದಿದ್ರ ಐತವಾರ ಹೋಗಬ್ಯಾಡ್ರಿ, ಅವತ್ತು ಸಿಹಿ ಇರ್ತದ. ಬುಧವಾರ ರಾತ್ರಿ ಏಳಕ್ಕ ಹೋಗ್ರಿ.

ಶುಶ್ರೂಷಕಿ, ಬೀದರ್

ಈ ಮಾತು ನೂರಕ್ಕೆ ನೂರು ನಿಜ ಅಕ್ಕಾರ. ದೂರದ ಪ್ರಶ್ನೆಗೆ ಇನ್ನೊಂದು ಸೇರಿಸುತ್ತೇನೆ. ನಿವಾಸದಿಂದ ಆಸ್ಪತ್ರೆ ಎಷ್ಟು ಹತ್ತಿರ ಎಂಬುದೂ ಬಜೆಟ್ಟೇ. ಕಲಬುರಗಿಯಲ್ಲಿ ಹೃದಯಕ್ಕೆ ಜಯದೇವದ ಶಾಖೆ, ಕ್ಯಾನ್ಸರಿಗೆ ಕಿದ್ವಾಯಿ ಶಾಖೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇವೆ. ಅಂಥದ್ದೇ ಆಸ್ಪತ್ರೆ ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಊರ ಹೊರಗೆ ತೋಟದ ನಡುವಿನ ನಿವಾಸ ನೋಡಲು ತಂಪು, ಆದರೆ ಡಯಾಲಿಸಿಸ್ ವಾರಕ್ಕೆ ಮೂರು ಸಲ ಎಂದರೆ ತಿಂಗಳಿಗೆ ಹದಿಮೂರು ಸುತ್ತು ಗಾಡಿ. ಒಂದು ಸುತ್ತಿಗೆ 800 ಆದರೆ 10,400.

ಜೊತೆಗೆ ಹೋಗುವ ಆಯಾಗೆ ತಾಸಿನ ಲೆಕ್ಕ ಹಾಕುತ್ತಾರೆಯೇ ಎಂದೂ ಕೇಳಿ. ಒಳಗೆ ಸೇರಿಸಿಕೊಂಡರೆ ಹಾಸಿಗೆ ಪಕ್ಕ ಇರುವವರು ಯಾರು? ನಿವಾಸದವರು ಅಡ್ಮಿಟ್ ಆಗುವ ತನಕ ಇದ್ದು ಹೊರಟುಬಿಡುತ್ತಾರೆ, ಆಮೇಲೆ ಮನೆಯವರೇ ಬರಬೇಕು, ಇಲ್ಲ ದಿನಗೂಲಿಯ ಆಳು ಇಡಬೇಕು.

ಮನೆಯಲ್ಲೇ ಇಟ್ಟುಕೊಂಡರೆ ಅಗ್ಗ ಎನ್ನುವವರು 12 ತಾಸಿನ ಎರಡು ಪಾಳಿ ಆಯಾ, ಅಡುಗೆಯವರು, ಏಜೆನ್ಸಿಯ ಕಮಿಷನ್, ರಜೆಯ ಬದಲಿ ಆಳು ಎಲ್ಲ ಬರೆದು ಹೋಲಿಸಬೇಕು. ಹಳ್ಳಿಯಿಂದ ಬರುವ ಆಯಾ ತೊಗರಿ ರಾಶಿ ದಿನಗಳಲ್ಲಿ, ಶರಣಬಸವೇಶ್ವರ ಜಾತ್ರೆಗೆ ಊರಿಗೆ ಹೋದರೆ ಆ ವಾರ ಯಾರು? ನಿವಾಸದಲ್ಲಿ ಆ ಚಿಂತೆ ಅವರದ್ದು. ಕೊಡುವ ದುಡ್ಡಿನಲ್ಲಿ ಅದಕ್ಕೂ ಒಂದು ಪಾಲಿದೆ.

ಓದುಗರು, ಸೇಡಂ

ಇಷ್ಟೆಲ್ಲ ರೊಕ್ಕ ಇಲ್ಲದವರು ಏನು ಮಾಡಬೇಕ್ರಿ?

ಪತ್ರ ಬರಹಗಾರ, ಯಾದಗಿರಿ

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 19ನೇ ಕಲಮಿನಲ್ಲಿ ಜಿಲ್ಲೆಗೆ ಕನಿಷ್ಠ ಒಂದು, 150 ಮಂದಿ ನಿರ್ಗತಿಕ ಹಿರಿಯರಿಗಾಗುವ ವೃದ್ಧಾಶ್ರಮದ ಮಾತಿದೆ. ಜಿಲ್ಲೆಯಲ್ಲಿ ಸರ್ಕಾರಿ, ಅನುದಾನಿತ ಆಶ್ರಮ ಯಾವುದಿದೆ, ಜಾಗ ಇದೆಯೇ ಎಂದು ಅಂಗವಿಕಲರ ಮತ್ತು ಹಿರಿಯ ನಾಗರಿಕರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ, ಇಲ್ಲವೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಮಕ್ಕಳು ದುಡಿಯುತ್ತಿದ್ದೂ ಕೊಡದಿದ್ದರೆ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ. ನೋಟಿಸ್ ಮುಟ್ಟಿದ 90 ದಿನದಲ್ಲಿ ತೀರ್ಮಾನವಾಗಬೇಕು, ತಿಂಗಳಿಗೆ ಗರಿಷ್ಠ 10,000 ಆದೇಶಿಸಬಹುದು. ಮಕ್ಕಳು ಮೂವರಿದ್ದರೆ ಮೂವರ ಹೆಸರನ್ನೂ ಬರೆಯಿರಿ, ಒಬ್ಬನ ಮೇಲೆಯೇ ಹೊರೆ ಹೊರಿಸಬೇಡಿ. ಮನೆ, ಹೊಲವನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರು "ಜೀವನ ಪರ್ಯಂತ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. ಆ ಸಾಲಿದ್ದರೆ, ನೋಡಿಕೊಳ್ಳದ ದಿನ 23ನೇ ಕಲಮಿನಡಿ ಪತ್ರ ರದ್ದು ಮಾಡಿಸಲು ದಾರಿ ಇರುತ್ತದೆ.

ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ಸಣ್ಣದೊಂದು, ಆದರೆ ಆದಾಯವನ್ನೇ ನಿಲ್ಲಿಸುವಂಥದ್ದು: ಜೀವಿತ ಪ್ರಮಾಣಪತ್ರ. ನವೆಂಬರಿನಲ್ಲಿ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಕೇಂದ್ರ ಸರ್ಕಾರದ 80 ದಾಟಿದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳು ಸವೆದು ಯಂತ್ರಕ್ಕೆ ಹತ್ತದವರಿಗೆ ಫೋನಿನಲ್ಲಿ ಮುಖ ತೋರಿಸಿ ಮಾಡುವ ಜೀವನ್ ಪ್ರಮಾಣ್ ಇದೆ. ನಿವಾಸದ ಕಚೇರಿಯವರು ಇದನ್ನು ಮಾಡಿಸಿಕೊಡುತ್ತಾರೆಯೇ ಎಂದು ಸೇರುವಾಗಲೇ ಕೇಳಿ.

ಲೆಕ್ಕಪತ್ರ, ಕಲಬುರಗಿ

ಎಲ್ಲರ ಮಾತು ಸೇರಿಸಿ ಹಾಳೆಯನ್ನು ತಿದ್ದಿದ್ದೇನೆ. ಮೂರು ಕಾಲಂ: ಇಬ್ಬರೂ ಗಟ್ಟಿ ಇರುವಾಗ, ಒಬ್ಬರೇ ಉಳಿದಾಗ, ಉಳಿದವರು ಹಾಸಿಗೆ ಹಿಡಿದಾಗ. ಮೂರನೇ ಕಾಲಂ ತುಂಬಿದ ಮೇಲೆ ನಿವಾಸ ಹುಡುಕಲು ಹೊರಡಿ. ಆಯ್ದ ಜಾಗದಲ್ಲಿ ಮೊದಲು ಒಂದು ತಿಂಗಳು ಠೇವಣಿಯಿಲ್ಲದೆ ಇದ್ದು ನೋಡುವ ಅವಕಾಶ ಕೇಳಿ. ದರ ತುಸು ಹೆಚ್ಚಾದರೂ ಕೊಡಿ. ಮೇ ತಿಂಗಳನ್ನೇ ಆರಿಸಿಕೊಳ್ಳಿ, ನೀರು, ಕರೆಂಟು, ಆಯಾ ಮೂರೂ ಗೊತ್ತಾಗಿಬಿಡುತ್ತವೆ. ಆ ತಿಂಗಳ ಬಿಲ್ಲು ಬಂದಾಗ ಪ್ರತಿ ಸಾಲಿನ ಪಕ್ಕ ಮೊದಲು ಹೇಳಿದ ಅಂಕಿ ಬರೆದು ನೋಡಿ. ಹೇಳದ ಸಾಲುಗಳು ಎರಡಕ್ಕಿಂತ ಹೆಚ್ಚಿದ್ದರೆ ಕರಾರಿಗೆ ಸಹಿ ಹಾಕುವ ಮುನ್ನ ಕುಳಿತು ಮಾತಾಡಿ.